ಚಳಿ ಬೇಡವೆಂದು ಹೊತ್ತ ಹರಕೆ

ಆ ವರ್ಷ ಡಿಸೆಂಬರಿನಲ್ಲಿ ಸಿಂಗಪುರದ ಪಾಸಿರ್ ರಿಸ್‌ನ ನಮ್ಮ ಕಾಂಡೋದ ಲಿಫ್ಟಿನಲ್ಲಿ ಸಿಕ್ಕ ಕನ್ನಡದವರೆಲ್ಲ ನನಗೆ ಅಭಿನಂದನೆ ಹೇಳುತ್ತಿದ್ದರು. ಮಗಳ ಮದುವೆ ನಿಶ್ಚಯವಾಗಿರಲಿಲ್ಲ, ಗಂಡನಿಗೆ ಪ್ರಮೋಷನ್ನೂ ಬಂದಿರಲಿಲ್ಲ. ಭೂಪಟದ ನೆತ್ತಿಯ ಮೇಲಿರುವ, ನಾನು ಕಣ್ಣಿಂದ ಕಾಣದ ಒಂದೂರಿನಲ್ಲಿ ಚಳಿ ಬಿದ್ದಿರಲಿಲ್ಲ, ಅದಕ್ಕೆ ಅಭಿನಂದನೆ. ನಾನೂ ಸಂಕೋಚವಿಲ್ಲದೆ ತೆಗೆದುಕೊಳ್ಳುತ್ತಿದ್ದೆ. ಯಾಕೆಂದರೆ ಆ ಚಳಿಯನ್ನು ತಡೆದವಳು ನಾನೇ ಎಂದು ನಂಬಿದ್ದೆ.

ನಗುವವರು ನಗಲಿ. ನನ್ನ ಗಂಡ ಆಗಲೇ ಸಾಕಷ್ಟು ನಕ್ಕಿದ್ದಾರೆ.

ಮಗಳು ಹುಟ್ಟಿದ್ದು ಇಲ್ಲೇ, ಬೆಳೆದದ್ದೂ ಇಲ್ಲೇ. ನಾನು ಮೈಸೂರಿನವಳು, ಧನುರ್ಮಾಸದ ಬೆಳಗ್ಗೆ ಬಾಯಿಂದ ಹೊಗೆ ಬಿಟ್ಟುಕೊಂಡು ಬೀಡಿ ಸೇದುವ ಆಟ ಆಡಿದವಳು. ಅವಳಿಗೆ ಅದೇನೂ ಗೊತ್ತಿಲ್ಲ. ಸಿಂಗಪುರದಲ್ಲಿ ಚಳಿ ಎಂದರೆ ಮಾಲಿನ ಎಸಿ, ಎಂಆರ್‌ಟಿ ರೈಲಿನ ಎಸಿ, ಥಿಯೇಟರಿನ ಎಸಿ. ಚಳಿಗೊಂದು ಸ್ವಿಚ್ಚು ಇರುತ್ತದೆ ಎಂದುಕೊಂಡು ಬೆಳೆದ ಹುಡುಗಿ ಅದು. ಚಿಕ್ಕವಳಿದ್ದಾಗ ಒಮ್ಮೆ ಹಾಕರ್ ಸೆಂಟರಿನಲ್ಲಿ ನಿಂಬೆ ಜ್ಯೂಸಿನ ಲೋಟ ಮುಂದಿಟ್ಟುಕೊಂಡು, "ಅಮ್ಮ, ಐಸೂ ನೀರೇ ಲಾ, ಮತ್ಯಾಕೆ ಮುಳುಗಲ್ಲ?" ಎಂದು ಇಲ್ಲಿನವರ ರಾಗದಲ್ಲೇ ಕೇಳಿದಳು. "ಮೊದಲು ಕುಡಿಯೇ, ಕರಗಿಹೋಗತ್ತೆ" ಎಂದೆ. ಉತ್ತರ ನನಗೂ ಗೊತ್ತಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಅವಳು ಕೊನೆಗೆ ಸ್ಕಾಲರ್‌ಶಿಪ್ ಗಿಟ್ಟಿಸಿಕೊಂಡು, ಕೆರೆಗಳು ಹೇಗೆ ಹೆಪ್ಪುಗಟ್ಟುತ್ತವೆ ಎಂದು ಎರಡು ವರ್ಷ ಓದುವುದಕ್ಕೆ ಫಿನ್‌ಲ್ಯಾಂಡಿನ ಉತ್ತರ ತುದಿಗೆ ಹೊರಟೇಬಿಟ್ಟಳು. ಜನ ಮಕ್ಕಳನ್ನು ಡಾಕ್ಟರು ಮಾಡುತ್ತಾರೆ, ಬ್ಯಾಂಕಿಗೆ ಸೇರಿಸುತ್ತಾರೆ. ನನ್ನ ಮಗಳು ಐಸು ಓದಿದಳು.

ಮೊದಲ ಚಳಿಗಾಲ ಅವಳನ್ನು ಹಣ್ಣುಗಾಯಿ ನೀರುಗಾಯಿ ಮಾಡಿಹಾಕಿತು. ವಿಡಿಯೋ ಕಾಲಿನಲ್ಲಿ ನೋಡಿದರೆ ತುಟಿ ಒಡೆದು ರಕ್ತ, ರೆಪ್ಪೆಯ ಮೇಲೆ ಬಿಳೀ ಮಂಜಿನ ಪುಡಿ. ಒಂದು ದಿನ ಬಲಗೈಯನ್ನು ಕ್ಯಾಮೆರಾಕ್ಕೆ ತೋರಿಸದೆ ಎಡಗೈಯಲ್ಲಿ ಅನ್ನ ಕಲಸುತ್ತಿದ್ದಳು. ನಾನು ಬಿಡುವವಳೇ? "ಕೈ ತೋರ್ಸೇ" ಎಂದು ಗದರಿದೆ. ಎರಡು ಬೆರಳ ತುದಿ ಬೊಬ್ಬೆ ಬಂದು ಕಪ್ಪಗಾಗಿದ್ದವು. ಕೆರೆಯ ಮೇಲೆ ಯಾವುದೋ ತಂತಿಗೆ ಗಂಟು ಹಾಕಲು ಗ್ಲೋವ್ಸ್ ಬಿಚ್ಚಿದ್ದಳಂತೆ, ಸ್ವಲ್ಪ ಹೊತ್ತು. ಅಷ್ಟಕ್ಕೇ! ಆ ಬೆರಳು ಗುಣವಾಗುವಷ್ಟರಲ್ಲಿ ಅಲ್ಲಿ ಚಳಿಗಾಲ ಮುಗಿದಿತ್ತು. ಆದರೆ ನನಗೆ ಚಳಿ ಬಿಟ್ಟಿರಲಿಲ್ಲ. ಇನ್ನೊಂದು ಚಳಿಗಾಲ ಬಾಕಿ ಇದೆಯಲ್ಲ ಎಂಬ ಯೋಚನೆಯಲ್ಲೇ ಬೇಸಗೆಯೆಲ್ಲ ಕಳೆಯಿತು.

ಗೌರಿ ಹಬ್ಬದ ದಿನ ಪೂಜೆ ಮುಗಿಸಿದವಳೇ, ಒಂದು ಬಿಳೀ ಬಟ್ಟೆಯ ತುಂಡನ್ನು ಅರಿಸಿನದ ನೀರಿನಲ್ಲಿ ಅದ್ದಿ, ಅದರಲ್ಲಿ ನಾಣ್ಯ ಇಟ್ಟು ಗಂಟು ಕಟ್ಟಿದೆ. ನಮ್ಮ ಮನೆಗಳಲ್ಲಿ ಇದಕ್ಕೆ ಮುಡಿಪು ಕಟ್ಟುವುದು ಎನ್ನುತ್ತೇವೆ. ಹರಕೆ ಈಡೇರುವ ತನಕ ಆ ಗಂಟು ದೇವರ ಮುಂದೆಯೇ ಇರಬೇಕು. ನಮ್ಮ ಮನೆದೇವರು ನಂಜುಂಡೇಶ್ವರ. ಅವನೊಂದಿಗೆ ನಾನು ಯಾವತ್ತೂ ಸುತ್ತಿ ಬಳಸಿ ಮಾತಾಡಿದ್ದಿಲ್ಲ.

"ನಂಜುಂಡಪ್ಪಾ, ವಿಷಾನೇ ಕುಡಿದೋನು ನೀನು, ಹಿಮದ ಮೇಲೇ ಕೂತಿರೋನು. ಚಳಿ ಅಂದ್ರೆ ಏನು ಅಂತ ನಿನಗೆ ನಾನು ಹೇಳ್ಬೇಕಾ? ಈ ಸಲ ಅಲ್ಲಿ ಚಳಿ ಕಮ್ಮಿ ಮಾಡು. ಮಗಳನ್ನ ಕರ್ಕೊಂಡು ಬಂದು ಬೆಲ್ಲದ ತುಲಾಭಾರ ಮಾಡಿಸ್ತೀನಿ."

ಸೋಫಾದಲ್ಲಿ ಕೂತು ಹೋಳಿಗೆ ತಿನ್ನುತ್ತಿದ್ದ ನನ್ನ ಗಂಡ ತಲೆಯೆತ್ತಿದರು. "ಆರ್ಕ್ಟಿಕ್ ಸರ್ಕಲ್ ನಂಜುಂಡಪ್ಪನ ಜ್ಯೂರಿಸ್ಡಿಕ್ಷನ್‌ಗೆ ಬರತ್ತೇನೇ?"

"ಲೋಕ ಎಲ್ಲಾ ಅವನದೇ ರೀ. ನಿಮ್ಮ ಕಂಪನಿ ಬಸ್ಸಿನ ಹಾಗೆ ಅವನಿಗೆ ರೂಟ್ ನಂಬರ್ ಇಲ್ಲ."

ಅವರು ಜುರಾಂಗ್ ಐಲ್ಯಾಂಡಿನ ಒಂದು ರಿಫೈನರಿಯಲ್ಲಿ ಎಂಜಿನಿಯರು. ದ್ವೀಪದ ಈ ತುದಿಯಿಂದ ಆ ತುದಿಗೆ ದಿನಾ ಕಂಪನಿ ಬಸ್ಸಿನಲ್ಲಿ ಹೋಗಿ ಬಂದು, ಲೆಕ್ಕಕ್ಕೆ ಸಿಗದ ಯಾವುದನ್ನೂ ನಂಬದ ಮನುಷ್ಯರಾಗಿಬಿಟ್ಟಿದ್ದರು.

ಆದರೆ ಅಕ್ಟೋಬರ್ ಬಂತು, ಅಲ್ಲಿ ಹಿಮ ಬೀಳಲಿಲ್ಲ. ನವೆಂಬರಿನಲ್ಲಿ ಸ್ವಲ್ಪ ಬಿತ್ತು, ಅದರ ಮೇಲೆ ಮಳೆ ಹೊಯ್ದಿತು. ನನ್ನ ಫೋನಿನಲ್ಲಿ ಆ ಊರಿನ ಹವಾಮಾನ ಹಾಕಿಟ್ಟುಕೊಂಡಿದ್ದೆ. ಬೆಳಗ್ಗೆ ಹಲ್ಲುಜ್ಜುವ ಮೊದಲು ಅದನ್ನು ನೋಡುವುದು, ನೋಡಿ ದೇವರ ಕೋಣೆಯ ಕಡೆ ಕೈ ಮುಗಿಯುವುದು. ಹಿಂದಿನ ವರ್ಷ ಇದೇ ಹೊತ್ತಿಗೆ ಮೂಗು ಕೊಯ್ಯುವ ಚಳಿ ಇತ್ತು. ಈಗ ನೋಡಿದರೆ ನಮ್ಮ ಊಟಿಯಷ್ಟೂ ಇಲ್ಲ. ದೀಪಾವಳಿಗೆ ಕನ್ನಡದವರೆಲ್ಲ ಸೇರಿದಾಗ ನಾನು ಸುಮ್ಮನಿರಲಾರದೆ ಮುಡಿಪಿನ ಕಥೆ ಹೇಳಿಬಿಟ್ಟೆ. "ಆಂಟಿ, ಹಾಗೇ ನಿಮ್ಮ ದೇವರಿಗೆ ಬೆಂಗಳೂರು ಟ್ರಾಫಿಕ್ ಬಗ್ಗೇನೂ ಒಂದು ಮಾತು ಹಾಕಿ" ಎಂದು ಒಬ್ಬ ಹುಡುಗ ತಮಾಷೆ ಮಾಡಿದ. ಯಿಶುನ್‌ನಿಂದ ಬಂದಿದ್ದ ಒಬ್ಬ ಹೆಂಗಸು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ಮುಡಿಪಿನ ಬಟ್ಟೆ ಹೊಸದೇ ಆಗಬೇಕಾ ಎಂದು ಗುಟ್ಟಾಗಿ ಕೇಳಿದರು. ಲಿಫ್ಟಿನ ಅಭಿನಂದನೆಗಳೆಲ್ಲ ಹೀಗೆ ಶುರುವಾದವು.

ಮಗಳು ಮಾತ್ರ ಖುಷಿಯಾಗಿರಲಿಲ್ಲ. "ಚಳಿ ಇಲ್ವಲ್ಲೇ ಈ ಸಲ!" ಎಂದು ನಾನು ಹಿಗ್ಗಿದರೆ, "ಹ್ಞೂಂ ಅಮ್ಮ, ಇಲ್ಲ" ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು. ಮನೆಯ ನೆನಪಿರಬೇಕು ಎಂದುಕೊಂಡು ಹುಳಿಪುಡಿ, ಚಟ್ನಿಪುಡಿ ಪಾರ್ಸಲ್ ಮಾಡಿದೆ.

ಡಿಸೆಂಬರಿನ ಮೊದಲ ವಾರ ಒಂದು ಮಧ್ಯಾಹ್ನ ಫೋನು ಮಾಡಿದಾಗ ಅವಳ ಕೊರಳಲ್ಲಿ ಕೆಂಪು ದಾರ ಕಂಡಿತು. ಅದರ ತುದಿ ಸ್ವೆಟರಿನೊಳಗೆ ಹೋಗಿತ್ತು.

"ಏನೇ ಅದು ಕತ್ತಲ್ಲಿ?"

"ಯಾವುದು? ಓ, ಇದಾ..."

"ನನ್ನ ಹತ್ರ ಸುಳ್ಳು ಹೇಳ್ಬೇಡ. ಯಾರನ್ನ ಮದುವೆ ಆದೆ? ಅಪ್ಪಂಗೆ ಗೊತ್ತಾ?"

ಅವಳು ಬಿದ್ದು ಬಿದ್ದು ನಕ್ಕಳು. ದಾರವನ್ನು ಹೊರಗೆಳೆದು ತೋರಿಸಿದಳು. ಎರಡು ಮರದ ತುಂಡು, ಒಂದೊಂದಕ್ಕೂ ಒಂದು ಚೂಪು ಮೊಳೆ. ತಾಳಿಯಲ್ಲ ಎಂದು ನೆಮ್ಮದಿಯಾಯಿತು. ಆ ನೆಮ್ಮದಿ ಎಷ್ಟು ಹೊತ್ತು ಉಳಿಯಿತು?

"ಕೆರೆ ಮೇಲೆ ಹೋಗೋವಾಗ ಹಾಕ್ಕೋಬೇಕಮ್ಮ. ಐಸ್ ಒಡೆದು ಒಳಗೆ ಬಿದ್ರೆ, ಎರಡು ಕೈಲೂ ಒಂದೊಂದು ಹಿಡ್ಕೊಂಡು, ಅಂಚಿಗೆ ಚುಚ್ಚಿ ಚುಚ್ಚಿ ಮೇಲೆ ಬರೋಕೆ. ಇಲ್ದಿದ್ರೆ ಕೈ ಜಾರತ್ತೆ."

"ಹೋದ ವರ್ಷ ಇದನ್ನ ನೋಡೇ ಇಲ್ವಲ್ಲೇ ನಾನು."

"ಹೋದ ವರ್ಷ ಬೇಕಾಗಿರ್ಲಿಲ್ಲ. ಕೆರೆ ಮೇಲೆ ಲಾರೀನೇ ಓಡಾಡ್ತಿತ್ತು. ಈ ಸಲ ಚಳಿ ಇಲ್ವಲ್ಲ, ಐಸ್ ತೆಳ್ಳಗಿದೆ. ಅದ್ರ ಮೇಲೆ ಹಿಮ ಬೇರೆ ಬಿದ್ದು ಹೊದಿಕೆ ಥರ ಕೂತಿದೆ. ಹೊದ್ಕೊಂಡ ಮೇಲೆ ನೀರು ಹೇಗೆ ಗಟ್ಟಿಯಾಗತ್ತೆ ಹೇಳು?"

ಆಮೇಲೆ ಅವಳು ಹೇಳಿದ್ದೆಲ್ಲ ನನ್ನ ಕಿವಿಗೆ ಕಾದ ಎಣ್ಣೆ ಹೊಯ್ದಂತಾಯಿತು. ಅವಳು ಬಾಡಿಗೆಗಿದ್ದ ಮನೆಯ ಯಜಮಾನಿ ಒಬ್ಬಳೇ ಇರುವ ಮುದುಕಿ. ಮಗಳು ಅವಳನ್ನು ನನ್ನ ಹತ್ತಿರ ಅಜ್ಜಿ ಎಂದೇ ಹೇಳುತ್ತಿದ್ದಳು. ಆ ಅಜ್ಜಿ ಪ್ರತಿ ಚಳಿಗಾಲ ಐಸಿನಲ್ಲಿ ತೂತು ಕೊರೆದು ಬಲೆ ಬಿಟ್ಟು ಮೀನು ಹಿಡಿಯುತ್ತಾಳಂತೆ. ಆ ವರ್ಷ ಬಲೆ ಗೂಟದಲ್ಲೇ ನೇತಾಡುತ್ತಿತ್ತು. ಕೆರೆಯಾಚೆಯ ನೆಂಟರ ಮನೆಗೆ ಐಸಿನ ಮೇಲೆ ಹೋದರೆ ಹತ್ತಿರ, ಸುತ್ತಿಕೊಂಡು ಹೋದರೆ ಅರ್ಧ ದಿನ. ಹಿಮದ ಮೇಲೆ ಮಳೆ ಬಿದ್ದು ಗಾಜಿನಂತೆ ಗಟ್ಟಿಯಾಗಿ, ಹಿಮಸಾರಂಗಗಳು ಗೊರಸಿನಿಂದ ಕೆದಕಿದರೂ ಅಡಿಯ ಮೇವು ಸಿಗದೆ ಸೊರಗುತ್ತಿದ್ದವು. "ಇಲ್ಲಿ ಚಳೀನೇ ರಸ್ತೆ ಅಮ್ಮ, ಚಳೀನೇ ಕಣಜ. ಚಳಿ ಬರದೇ ಇದ್ರೆ ಇವ್ರಿಗೆ ಮಳೆ ಬರದೇ ಇದ್ದ ಹಾಗೆ" ಎಂದಳು.

ನನ್ನ ಬಾಯಿ ಸುಮ್ಮನಿರುತ್ತದೆಯೇ? ಮುಡಿಪಿನ ವಿಷಯ ಹೇಳಿಬಿಟ್ಟೆ. ಅವಳು ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡಿದಳು.

"ಒಂದು ಮಾತು ನನ್ನ ಕೇಳಬಹುದಿತ್ತಲ್ಲಮ್ಮ. ನನಗೇನು ಬೇಕು ಅಂತ."

"ನಿನ್ನ ಬೆರಳು ನೋಡಿ..."

"ಬೆರಳು ನಂದು. ನನ್ನ ವಿಷಯಕ್ಕೆ ಇನ್ಮೇಲೆ ನೀನು ಏನೂ ಡಿಸೈಡ್ ಮಾಡ್ಬೇಡ. ಪ್ಲೀಸ್."

ಕೂಗಿ ಹೇಳಿದ್ದರೆ ನಾನೂ ಕೂಗುತ್ತಿದ್ದೆ, ಲೆಕ್ಕ ಚುಕ್ತಾ ಆಗುತ್ತಿತ್ತು. ಅವಳು ಮೆಲ್ಲಗೆ ಹೇಳಿದಳು. ಅದು ಚುಚ್ಚಿತು.

ಮೈಸೂರಿನಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಮುಡಿಪನ್ನು ಬಿಚ್ಚಿಬಿಡಬಹುದಾ, ಚಳಿ ಬರಲಿ ಎಂದು ಇನ್ನೊಂದು ಕಟ್ಟಬಹುದಾ ಎಂದು ಕೇಳಿದೆ.

"ಗಣಪತೀನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ಯಲ್ಲೇ!" ಎಂದಳು ಅಕ್ಕ. "ಕೊಟ್ಟಾದ್ಮೇಲೆ ಬೇಡ ಅಂತ ದೇವರಿಗೆ ಹೇಗೆ ಹೇಳ್ತೀಯ? ಅಂಗಡೀಲಿ ಸೀರೆ ವಾಪಸ್ ಮಾಡೋದಾ ಅದು? ಮಳೆಗೆ ಹರಕೆ ಹೊರ್ತಾರೆ, ಮಕ್ಕಳಿಗೆ ಹೊರ್ತಾರೆ. ಚಳಿ ಬರ್ಲಿ ಅಂತ ಯಾರಾದ್ರೂ ಕೇಳ್ಕೊಂಡಿದ್ದು ಉಂಟಾ?"

ಉಂಟೇ ಇಲ್ಲ. ನಮ್ಮ ಕಡೆ ಮಳೆಗಾಗಿ ಕಪ್ಪೆಗೂ ಮದುವೆ ಮಾಡಿಸಿದ್ದಾರೆ. ಚಳಿ ಮಾತ್ರ ಕರೆಯದೆ ಬರುವ ನೆಂಟ, ಬಂದರೆ ಕಂಬಳಿ ಕೊಟ್ಟು, ಎಳ್ಳು ತಿನ್ನಿಸಿ, ಯಾವಾಗ ಹೊರಡುತ್ತಾನೋ ಎಂದು ಕಾಯುವುದು. ಅದನ್ನೇ ನಂಬಿ ಬದುಕುವ ಜನ ಇರಬಹುದು ಎಂಬ ಯೋಚನೆ ನನ್ನ ತಲೆಗೆ ಹೇಗೆ ಬರಬೇಕಿತ್ತು? ಸಿಂಗಪುರಕ್ಕೆ ಬಂದ ಮೇಲಂತೂ ಚಳಿಯ ನೆನಪೇ ಇಲ್ಲ; ಬೆವರು ಒರೆಸಿಕೊಳ್ಳುತ್ತಲೇ ಸಂಕ್ರಾಂತಿಯ ಎಳ್ಳು ಬೀರುತ್ತೇವೆ. ನನಗೆ ಬೇಡದ್ದು ಯಾರಿಗೂ ಬೇಡ ಎಂದುಕೊಂಡುಬಿಟ್ಟಿದ್ದೆ. ದೇವರ ಮುಂದೆ ನಿಂತು ಅಷ್ಟು ಗಟ್ಟಿಯಾಗಿ ಕೇಳುವಾಗ, ಇನ್ನೊಬ್ಬಳ ಬಲೆ ಗೂಟಕ್ಕೆ ನೇತುಬೀಳುತ್ತದೆ ಎಂದು ಹೊಳೆಯಲೇ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ಗಂಡನ ಮುಂದೆ ಅತ್ತುಬಿಟ್ಟೆ. "ಎಲ್ಲಾ ನನ್ನಿಂದಲೇ ಆಗಿದ್ದು ರೀ."

ಅವರು ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಸಾರನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ಕೂತರು. "ನಿನ್ನ ಮುಡಿಪಿಂದ ಅಲ್ಲ ಕಣೇ. ನಮ್ಮ ಪ್ಲಾಂಟಿನ ಚಿಮಣಿ ಮೇಲೆ ಬೆಂಕಿ ಉರೀತಿರತ್ತಲ್ಲ, ಇಷ್ಟು ವರ್ಷದಿಂದ ನಾನೇ ನಿಂತು ನೋಡ್ಕೋತಿದೀನಿ. ಈ ಮನೆ, ಅವಳ ಸ್ಕೂಲು, ಎಲ್ಲಾ ಆ ಬೆಂಕಿಯಿಂದಲೇ ಆಗಿದ್ದು. ಅಲ್ಲಿ ಐಸ್ ಕಟ್ಟಿಲ್ಲ ಅಂದ್ರೆ ನನ್ನನ್ನ ಕೇಳು, ನಂಜುಂಡಪ್ಪನ್ನ ಯಾಕೆ ಕೇಳ್ತೀಯ?"

ನಮ್ಮ ಮದುವೆಯಾದ ಮೇಲೆ ಅವರು ತಮ್ಮ ಕೆಲಸದ ಬಗ್ಗೆ ಹಾಗೆ ಮಾತಾಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಮಜ್ಜಿಗೆ ಬಡಿಸಿಕೊಂಡು, "ಅವಳು ದೊಡ್ಡೋಳಾಗಿದಾಳೆ. ಇನ್ನು ಅವಳ ವಿಷಯದಲ್ಲಿ ಸ್ವಲ್ಪ ಬಾಯಿ ಮುಚ್ಕೊಂಡಿರು" ಎಂದರು. ಮಾತು ಬೆಳ್ಳಿ ಮೌನ ಬಂಗಾರ ಎನ್ನುತ್ತಾರಲ್ಲ. ನನ್ನ ಹತ್ತಿರ ಬೆಳ್ಳಿಯೇ ರಾಶಿ ಬಿದ್ದಿದೆ, ಬಂಗಾರಕ್ಕೆ ನಾನು ಯಾವತ್ತೂ ಆಸೆಪಟ್ಟವಳಲ್ಲ. ಆದರೂ ಆ ಸಲ ಆಗಲಿ ಎಂದು ಮನಸ್ಸು ಗಟ್ಟಿ ಮಾಡಿದೆ. ಆಮೇಲೆ ಅವಳು ಫೋನು ಮಾಡಿದಾಗಲೆಲ್ಲ ಊಟ ಆಯ್ತಾ, ನಿದ್ದೆ ಬಂತಾ, ಇಷ್ಟೇ.

ಕ್ರಿಸ್‌ಮಸ್ ಕಳೆದ ಮೇಲಿನ ಒಂದು ಮಧ್ಯಾಹ್ನ. ತೇಕ್ಕಾ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಸಿಕ್ಕಿತ್ತು. ಕಾಳು ನೆನೆಹಾಕಿ, ಹಿತಕವರೆಗೆಂದು ಒಂದೊಂದೇ ಕಾಳನ್ನು ಹಿಸುಕಿ ಸಿಪ್ಪೆ ಬಿಡಿಸುತ್ತಾ ಕೂತಿದ್ದೆ. ಫೋನು ಬಂತು. ಕೈ ಒದ್ದೆಯಿದ್ದುದರಿಂದ ಮೊಣಕೈಯಲ್ಲೇ ಒತ್ತಿ ತೆಗೆದೆ. ಅಲ್ಲಿ ಆಗ ಬೆಳಗ್ಗೆ. ಬೆಳಗ್ಗೆ ಎನ್ನುವುದು ಹೆಸರಿಗೆ. ಆ ತಿಂಗಳಲ್ಲಿ ಅಲ್ಲಿ ಸೂರ್ಯ ಮೇಲೆ ಬರುವುದೇ ಇಲ್ಲ, ನಡುಮಧ್ಯಾಹ್ನ ಸ್ವಲ್ಪ ಹೊತ್ತು ನೀಲಿ ಬೆಳಕು, ಅಷ್ಟೇ.

"ಅಮ್ಮ, ಬಿಜಿ ಇದೀಯಾ?"

"ಹೇಳೇ."

ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ದಡದಿಂದ ಸ್ವಲ್ಪ ದೂರದಲ್ಲಿ, ಐಸಿನಲ್ಲಿ ತೂತು ಮಾಡಿ ಅವಳು ಒಂದು ಉದ್ದನೆಯ ತಂತಿ ಇಳಿಬಿಟ್ಟಿದ್ದಳು. ನೀರಿನ ಶಾಖ ಅಳೆಯುವುದಕ್ಕೆ. ಅಳತೆಯೆಲ್ಲ ಐಸಿನ ಮೇಲಿಟ್ಟ ಒಂದು ಡಬ್ಬದಲ್ಲಿ ಸೇರುತ್ತಿತ್ತು. ಅವಳ ಎರಡು ವರ್ಷದ ಓದೆಲ್ಲ ಆ ಡಬ್ಬದ ಮೇಲೆ ನಿಂತಿತ್ತು. ಮಾರನೆಯ ದಿನದಿಂದ ದೊಡ್ಡ ಮಳೆಯಂತೆ. ಮಳೆ ಬಂದರೆ ಐಸಿನ ಮೇಲೆ ನೀರು ನಿಂತು ಡಬ್ಬ ಮುಳುಗುತ್ತದೆ. ತರುವುದಿದ್ದರೆ ಇವತ್ತೇ ತರಬೇಕು. ಜೊತೆಗೆ ಬರಬೇಕಾದ ಹುಡುಗಿ ರಜೆಗೆ ಊರಿಗೆ ಹೋಗಿದ್ದಾಳೆ. ಸ್ಕಾಲರ್‌ಶಿಪ್ಪಿಗೆ ಇದೇ ಕೊನೆಯ ಚಳಿಗಾಲ.

"ನಿಮ್ಮ ಪ್ರೊಫೆಸರ್ ಏನಂತಾರೆ?"

"ಸೇಫ್ ಅನ್ಸದೇ ಇದ್ರೆ ಬಿಟ್ಬಿಡು, ನಿರ್ಧಾರ ನಿಂದು ಅಂತ ಮೇಲ್ ಮಾಡಿದಾರೆ."

"ಅಜ್ಜಿ?"

"ದಡದಲ್ಲಿ ಹಗ್ಗ ಹಿಡ್ಕೊಂಡು ನಿಂತ್ಕೋತೀನಿ ಅಂದ್ರು. ಹೋಗು ಅಂತಾನೂ ಅನ್ಲಿಲ್ಲ, ಬೇಡ ಅಂತಾನೂ ಅನ್ಲಿಲ್ಲ. ಇಲ್ಲಿ ಯಾರೂ ಯಾರಿಗೂ ಹಾಗೆಲ್ಲ ಹೇಳಲ್ಲಮ್ಮ." ಸ್ವಲ್ಪ ತಡೆದು ಕೇಳಿದಳು, "ನೀನೇನಂತೀಯ?"

ನಾನೇನನ್ನುತ್ತೇನೆ! ನಾಲಿಗೆಯ ತುದಿಗೆ ಬಂದಾಗಿತ್ತು. ನಮ್ಮ ಮನೆಯಲ್ಲಿ ಒಂದು ಮಾತಿದೆ, ನನ್ನ ತಾಯಿ ನನಗೆ ಹೇಳಿದ್ದು, ನಾನು ಇವಳಿಗೆ ಹೇಳಿದ್ದು: ನನ್ನ ಮೇಲಾಣೆ. ಅದು ದಿನಬಳಕೆಯ ಮಾತಲ್ಲ, ಬ್ರಹ್ಮಾಸ್ತ್ರ. ಇವಳು ಕಾಲೇಜಿನಲ್ಲಿದ್ದಾಗ ಗೆಳತಿಯರ ಜೊತೆ ಬೈಕಿನಲ್ಲಿ ಮಲೇಷಿಯಾ ಸುತ್ತಲು ಹೊರಟಿದ್ದಳು. ಆಣೆ ಹಾಕಿದೆ, ಕಟ್ಟಿದ ಬ್ಯಾಗು ಬಿಚ್ಚಿದಳು. ವಾರವಿಡೀ ಮಾತು ಬಿಟ್ಟಳು, ಆದರೆ ಆಣೆ ಮೀರಲಿಲ್ಲ. ಈಗಲೂ ಎರಡೇ ಪದ, ಹೇಳಿದರೆ ಮುಗಿಯಿತು. ಆದರೆ ಅವಳು ಮೆಲ್ಲಗೆ ಆಡಿದ ಮಾತು ಇನ್ನೂ ನನ್ನೊಳಗೆ ಮುಳ್ಳಿನಂತೆ ಮುರಿದುಕೊಂಡಿತ್ತು. ನಾನು ಒಮ್ಮೆ ಬಾಯಿ ಹಾಕಿ ಅವಳ ಚಳಿಗಾಲವನ್ನೇ ಕೆಡಿಸಿದವಳು. ಇನ್ನೊಮ್ಮೆ ಬಾಯಿ ಹಾಕಿ ಅವಳ ಓದನ್ನೂ ಕೆಡಿಸಲೇ? ಕೈಯಲ್ಲಿದ್ದ ಅವರೆಕಾಳು ಹಿಸುಕಿ ಹಿಟ್ಟಾಯಿತು.

"ನಿನಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡು ಪುಟ್ಟಿ" ಎಂದೆ.

ನನ್ನ ಜನ್ಮದಲ್ಲಿ ಯಾರಿಗೂ ಆಡದ ಮಾತು ಅದು. ಫೋನಿನಲ್ಲಿ ಅವಳು ನನ್ನನ್ನು ನೋಡುತ್ತಲೇ ಇದ್ದಳು.

"ಅಷ್ಟೇನಾ?"

"ಅಷ್ಟೇ."

"ಸರಿ" ಎಂದು ಇಟ್ಟಳು.

ಮನೆಯಲ್ಲಿ ಕೂರಲಾಗಲಿಲ್ಲ. ಕಾಳನ್ನು ಹಾಗೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಕಡಲ ಪಾರ್ಕಿಗೆ ಹೋದೆ. ಮಳೆ ನಿಂತು ಸೆಕೆ ಏರಿತ್ತು. ಮಕ್ಕಳು ಮರಳಿನಲ್ಲಿ ಆಡುತ್ತಿದ್ದವು, ಯಾರೋ ಮೀನು ಸುಡುತ್ತಿದ್ದರು. ಆ ನೀರನ್ನು ನೋಡಲಾಗದೆ ಬೆನ್ನು ತಿರುಗಿಸಿ ನಡೆದು, ಗಂಡನ ಕಂಪನಿ ಬಸ್ಸು ಬಂದು ನಿಲ್ಲುವ ಸ್ಟಾಪಿನಲ್ಲಿ ಕೂತೆ. ಬಸ್ಸು ಬಂದು ಅವರು ಇಳಿಯುವ ಹೊತ್ತಿಗೆ ಅಲ್ಲಿ ನೀಲಿ ಬೆಳಕು ಬಂದಿರುತ್ತದೆ, ಅವಳು ಕೆರೆಗೆ ಇಳಿದಿರುತ್ತಾಳೆ ಎಂದು ನನಗೆ ಗೊತ್ತಿತ್ತು.

ನನ್ನನ್ನು ಅಲ್ಲಿ ಕಂಡೇ ಅವರಿಗೆ ಗಾಬರಿಯಾಯಿತು. ಇದ್ದದ್ದು ಇದ್ದ ಹಾಗೆ ಹೇಳಿದೆ.

"ಹೋಗು ಅಂದ್ಯಾ?" ಎಂದು ಕಿರುಚಿದರು.

"ಹೋಗು ಅನ್ಲಿಲ್ಲ. ನಿನಗೆ ಸರಿ ಅನ್ಸಿದ್ದು ಮಾಡು ಅಂದೆ."

"ಬೇಡ ಅನ್ನೋಕೆ ಏನಾಗಿತ್ತೇ ನಿನಗೆ?"

"ನೀವೇ ತಾನೇ ಬಾಯಿ ಮುಚ್ಕೊಂಡಿರು ಅಂದಿದ್ದು!"

"ಇದಕ್ಕಲ್ಲ ಕಣೇ! ಇಂಥದ್ದಕ್ಕೆ ಯಾರಾದ್ರೂ ಬಾಯಿ ಮುಚ್ಕೊಂಡಿರ್ತಾರಾ?"

ಫೋನು ತೆಗೆದು ಅವಳಿಗೆ ಹಚ್ಚಿದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದರು. ಆಮೇಲೆ ನನ್ನ ಪಕ್ಕದಲ್ಲಿ ಕುಸಿದು ಕೂತು, ಹೆಲ್ಮೆಟ್ ಇದ್ದ ಬ್ಯಾಗನ್ನು ತೊಡೆಯ ಮೇಲೆ ಅವುಚಿಕೊಂಡು, "ನಂಜುಂಡಪ್ಪಾ" ಎಂದರು. ಅಷ್ಟು ಭಯದಲ್ಲೂ ನನಗೆ ಸಿಟ್ಟು ನೆತ್ತಿಗೇರಿತು. "ಈಗ ಬಂತಾ ಜ್ಯೂರಿಸ್ಡಿಕ್ಷನ್ನು?" ಎಂದೆ. ಅವರು ನನ್ನ ಕೈ ಹಿಡಿದುಕೊಂಡರು, ಅಷ್ಟೇ. ಅವರ ಅಂಗೈ ಮಂಜುಗಡ್ಡೆಯಾಗಿತ್ತು. ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಯಾವುದೋ ಬಸ್ಸಿನ ಡ್ರೈವರು ನಮಗಾಗಿ ನಿಲ್ಲಿಸಿ, ನಾವು ಏಳದ್ದು ಕಂಡು ಬಾಗಿಲು ಹಾಕಿಕೊಂಡು ಹೊರಟ.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು.

ಅಜ್ಜಿಯ ಅಡುಗೆಮನೆ. ಒಲೆಯ ಪಕ್ಕದಲ್ಲಿ, ಮೂರ್ನಾಲ್ಕು ಕಂಬಳಿಗಳೊಳಗಿಂದ ಅವಳ ಮುಖವಷ್ಟೇ ಕಾಣುತ್ತಿತ್ತು. ಕೂದಲು ಒದ್ದೆ, ತುಟಿ ನೀಲಿ. ಹಲ್ಲು ಕಟಕಟ ಅನ್ನುತ್ತಿದ್ದವು. ಹಿಂದೆ ಅಜ್ಜಿಯ ಕೈಯೊಂದು ಅವಳ ತಲೆಯನ್ನು ಟವೆಲ್ಲಿನಿಂದ ತಿಕ್ಕುತ್ತಿತ್ತು. ಆ ಕೈಯನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

"ಬಿದ್ದೆ ಅಮ್ಮ" ಎಂದಳು.

ನನ್ನ ಗಂಡ ಫೋನನ್ನು ನನ್ನ ಕೈಯಿಂದ ತೆಗೆದು ಇಬ್ಬರಿಗೂ ಕಾಣುವಂತೆ ಹಿಡಿದರು.

ಡಬ್ಬ ಕಣ್ಣಿಗೆ ಕಾಣುವಷ್ಟು ಹತ್ತಿರ ಹೋಗಿದ್ದಳಂತೆ. ಐಸು ಸದ್ದು ಮಾಡಿ ಒಡೆಯುತ್ತದೆ ಎಂದುಕೊಂಡಿದ್ದಳು. ಸದ್ದೇ ಇಲ್ಲ, ಒದ್ದೆ ಹಪ್ಪಳದಂತೆ ಮೆತ್ತಗೆ ಕುಸಿಯಿತಂತೆ. ಒಮ್ಮೆ ತಲೆಯೂ ಮುಳುಗಿ ಮೇಲೆ ಬಂದಳು, ಎದೆಯವರೆಗೆ ನೀರು. ಉಸಿರು ಕಟ್ಟಿತು, ಕೈ ಎಲ್ಲಿದೆ ಕಾಲು ಎಲ್ಲಿದೆ ತಿಳಿಯಲಿಲ್ಲ. ಕೊರಳಿನ ಮೊಳೆಗಳನ್ನು ಅಂಚಿಗೆ ಚುಚ್ಚಿದಳು, ಅಂಚು ಮುರಿಯಿತು. ಮತ್ತೆ ಚುಚ್ಚಿದಳು, ಮತ್ತೆ ಮುರಿಯಿತು. ಅಷ್ಟರಲ್ಲಿ ದಡದಿಂದ ಅಜ್ಜಿ ಇವಳ ಸೊಂಟಕ್ಕೆ ಕಟ್ಟಿದ್ದ ಹಗ್ಗ ಎಳೆದಳು. ಇವಳು ಹೊಟ್ಟೆಯ ಮೇಲೆ ತೆವಳಿಕೊಂಡು ದಡಕ್ಕೆ ಬಂದಳಂತೆ. ಡಬ್ಬ ಅಲ್ಲೇ ಇದೆ, ನಾಳೆ ಮುಳುಗುತ್ತದೆ.

"ಮುಳುಗ್ಲಿ ಬಿಡು" ಎಂದೆ. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ.

ಅವಳು ಅಳತೊಡಗಿದಳು. ಐದು ವರ್ಷದ ಮಗು ಅತ್ತ ಹಾಗೆ, ಮುಖ ಮುಚ್ಚಿಕೊಳ್ಳದೆ ಅತ್ತಳು.

"ಯಾಕಮ್ಮ ಬೇಡ ಅನ್ಲಿಲ್ಲ ನೀನು?"

"ನೀನೇ ಅಂದ್ಯಲ್ಲ ಪುಟ್ಟಿ, ನಾನು ಏನೂ ಡಿಸೈಡ್ ಮಾಡ್ಬಾರ್ದು ಅಂತ..."

"ಅಂದೆ. ಅಂದ್ರೇನಾಯ್ತು? ನನಗೆ ಹೋಗೋಕೆ ಎಷ್ಟು ಭಯ ಆಗಿತ್ತು ಗೊತ್ತಾ? ಬೇಡ ಅಂತ ನನಗೆ ನಾನೇ ಹೇಳ್ಕೊಳೋಕೆ ಆಗ್ಲಿಲ್ಲ. ಎಲ್ರೂ ನಿನ್ನಿಷ್ಟ, ನಿನ್ನಿಷ್ಟ ಅಂತಾರೆ. ನೀನೊಬ್ಳು ಆಣೆ ಹಾಕೇ ಹಾಕ್ತೀಯ ಅಂತಾನೇ ಫೋನ್ ಮಾಡಿದ್ದು. ನೀನು ಆಣೆ ಹಾಕಿದ್ರೆ ನಾನು ಹೋಗ್ತಿರ್ಲಿಲ್ಲ. ಆ ಮಾತಿಗೆ ಕಾಯ್ತಾ ಕೂತಿದ್ದೆ ಕಣಮ್ಮ ನಾನು."

ಆಗ ನನ್ನೊಳಗೆ ಏನೋ ಕಟ್ಟೆಯೊಡೆಯಿತು. ತಿಂಗಳಿಡೀ ನುಂಗಿಕೊಂಡಿದ್ದೆಲ್ಲ ಒಟ್ಟಿಗೇ ಬಂತು. "ಕತ್ತೆ! ಬುದ್ಧಿ ಎಲ್ಲಿ ಅಡವಿಟ್ಟಿದ್ದೆ? ಐಸಂತೆ, ಡಬ್ಬವಂತೆ! ಹಾಳಾಗಿ ಹೋಗ್ಲಿ ನಿನ್ನ ಡಿಗ್ರಿ, ಕೊಚ್ಕೊಂಡು ಹೋಗ್ಲಿ ಆ ಕೆರೆ! ಹೆತ್ತು ಹೊತ್ತು ಸಾಕಿದ್ದು ಒಂದು ತಂತಿ ತರೋಕೆ ಹೋಗಿ ಸಾಯ್ಲಿ ಅಂತಾನಾ? ಇನ್ನೊಂದು ಸಲ ಆ ನೀರಿನ ಹತ್ರ ಕಾಲಿಟ್ರೆ ಕಾಲು ಮುರೀತೀನಿ! ನನ್ನ ಮೇಲಾಣೆ, ನಿಮ್ಮಪ್ಪನ ಮೇಲಾಣೆ, ಕೇಳಿಸ್ತಾ ಮುಂಡೇದೇ?" ಬಸ್‌ಸ್ಟಾಪಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗಂಡ ನನ್ನ ಭುಜ ಹಿಡಿದಿದ್ದರು, ಆದರೆ ತಡೆಯಲಿಲ್ಲ. ಕೊನೆಗೆ ನನಗೇ ಉಸಿರು ಸಾಲದೆ ನಿಲ್ಲಿಸಿದೆ.

ಅಲ್ಲಿಂದ ಬಿಕ್ಕಳಿಕೆಯ ನಡುವೆ ಅವಳ ಸ್ವರ ಬಂತು.

"ನಿಲ್ಲಿಸ್ಬೇಡಮ್ಮ. ಇನ್ನೂ ಬೈ."